ಒಬ್ಬನೇ ಎಂದು ಹಟ ಹಿಡಿದ ಅಪ್ಪನಿಗೆ

ನನ್ನ ಹಟಮಾರಿ ಅಪ್ಪಾ,

ನೀನು ಹೋಗಿ ತಿಂಗಳಾಯಿತು. ಇನ್ನೂ ಅಳು ಬಂದಿಲ್ಲ, ಬರುವುದೆಲ್ಲ ಸಿಟ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಆ ಭಾನುವಾರ ನೆನಪಿದೆಯೇ? ನಮ್ಮ ಇಳಕಲ್ಲಿನ ಚರ್ಚಿನಲ್ಲಿ ಪಾಸ್ಟರು ತ್ರಿತ್ವ ಬಿಡಿಸಿ ಹೇಳುತ್ತಿದ್ದರು. ಒಡಲು, ದಡಿ, ಸೆರಗು ಮೂರೂ ಸೇರಿ ಒಂದೇ ಸೀರೆ. ಹಾಗೆಯೇ ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂದರು. ನೇಕಾರರ ಊರು, ಎಲ್ಲರೂ ತಲೆಯಾಡಿಸಿದರು. ನೀನೊಬ್ಬ ಎದ್ದು ನಿಂತೆ.

"ನಾ ನೇಯಾಂವ ಅದೀನ್ರಿ. ಸೆರಗಿನ ಹಾಸು, ಅಂದ್ರ ಉದ್ದನ ಎಳಿ, ಬ್ಯಾರೆನ ಇರ್ತದ. ಅದನ್ನ ಒಡಲಿನ ಹಾಸಿನ ಜೋಡಿ ಎಳಿ ಎಳಿ ಕೊಂಡಿ ಹಾಕಿ ನಾವು ಕೂಡಸ್ತೀವಿ. ದೇವರನ್ನ ಯಾರು ಕೂಡಿಸ್ಯಾರ್ರಿ?"

ಪಾಸ್ಟರು ಅವಸರವಾಗಿ ಮುಂದಿನ ಹಾಡು ಶುರು ಮಾಡಿಸಿದರು. ನನಗೆ ನಾಚಿಕೆಯಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಆಗಲೇ ನಿನ್ನ ಕೈ ಹಿಡಿದು ಕೂರಿಸಿದ್ದರೆ...

ಅಮೀನಗಡದ ಆ ಸಣ್ಣ ಕೂಟ ನಿನಗೆ ಹೇಗೆ ಸಿಕ್ಕಿತೋ! ಯೇಸು ಒಬ್ಬನೇ ದೇವರು, ತಂದೆಯೂ ಅವನೇ, ಆತ್ಮವೂ ಅವನೇ ಎನ್ನುವವರು. ಕಲ್ಲು ತೆಗೆದ ಕ್ವಾರಿಯ ನೀರಿನಲ್ಲಿ, ಯೇಸುವಿನ ಹೆಸರೊಂದರಲ್ಲೇ, ಎರಡನೆಯ ಸಲ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದೆ. ಕೈಯಲ್ಲಿ ಅವ್ವನನ್ನು ಒಲಿಸಲು ಕರದಂಟು.

"ನಾ ನಿನಗ ಗಂಡ, ನಮ್ಮವ್ವಗ ಮಗ, ಈಕಿಗೆ ಅಪ್ಪ. ಹಂಗಂತ ಮೂರು ಮಂದಿ ಅದೀನೇನು?" ಎಂದೆ.

"ಮೂರು ಮಂದಿ ಇದ್ದಿದ್ರ ಒಬ್ಬಾಂವರ ನನ್ನ ಮಾತು ಕೇಳ್ತಿದ್ದ," ಎಂದಳು ಅವ್ವ. ಕರದಂಟನ್ನು ಮುಟ್ಟಲಿಲ್ಲ.

ಆ ಅವ್ವನನ್ನು ಮಣ್ಣಿಗಿಡುವ ದಿನ ನೀನು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಪಾಸ್ಟರು ಮೂರು ಹೆಸರು ಹಿಡಿದು ಪ್ರಾರ್ಥನೆ ಶುರು ಮಾಡಿದ್ದೇ ತಡ, ಸ್ಮಶಾನದ ಗೇಟು ದಾಟಿ ಹೊರಗೆ ಹೋದೆ. ನೀನು ತಿರುಗಿ ಬರುವ ಹೊತ್ತಿಗೆ ಕುಣಿ ತುಂಬಿತ್ತು. ದೇವರು ಒಬ್ಬನೇ ಎಂದು ಸಾಧಿಸಲು ಹೋಗಿ, ಕಟ್ಟಿಕೊಂಡವಳಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲವಲ್ಲ! ಅಂಥ ದೇವರು ನಿನಗೆ ಏನು ಹೇಳಿದ?

ಬಾಗಲಕೋಟೆಯ ದವಾಖಾನೆಯಲ್ಲಿ ಕಡೆಗೆ ನನ್ನ ಕೈ ಹಿಡಿದು ಕೇಳಿದೆ. "ನಿಮ್ಮವ್ವನ ಮಗ್ಗಲದಾಗ ಇಡವಾ. ಆದ್ರ ಆ ಮೂರು ಹೆಸರು ನನ್ನ ಮ್ಯಾಲೆ ಹೇಳಸಬ್ಯಾಡ." ಎರಡಕ್ಕೂ ಹೂಂ ಎಂದೆ. ಸಾಯುವವನ ಮುಂದೆ ಇನ್ನೇನು ಅನ್ನಲಿ?

ನೀನು ಹೋದ ಬೆಳಿಗ್ಗೆ ಚರ್ಚಿನ ಹಿರಿಯರು ಕಡ್ಡಿ ಮುರಿದಂತೆ ಹೇಳಿದರು: "ಮೂರು ಹೆಸರಿನ ಪ್ರಾರ್ಥನಿ ಆದ್ರ ಜಾಗ ಐತಿ. ಇಲ್ಲಂದ್ರ ಇಲ್ಲ." ಸತ್ತವನ ಮೇಲೆ ಸೇಡು ತೀರಿಸಿಕೊಳ್ಳುವವರು! ಅತ್ತ ನಿನ್ನ ಕೂಟದವರು ಅಮೀನಗಡದ ಹೊರಗೆ ಜಾಗ ನೋಡಿ, ಟೆಂಪೋ ತಂದು ನಿಂತಿದ್ದರು. ಅಲ್ಲಾದರೆ ನಿನ್ನ ದೇವರು ಒಬ್ಬನೇ ಆಗಿರುತ್ತಿದ್ದ. ನೀನೂ ಒಬ್ಬನೇ.

ನಾನು ಟೆಂಪೋ ವಾಪಸು ಕಳಿಸಿದೆ.

ಪಾಸ್ಟರು ತಂದೆ ಎಂದರು, ಮಗ ಎಂದರು, ಪವಿತ್ರಾತ್ಮ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ನಾನೇ, ಅಪ್ಪಾ. ಹೂಂ ಎಂದು ಮೋಸ ಮಾಡಿದಳು ಎನ್ನುತ್ತೀಯಾ? ಅನ್ನು. ಅವ್ವ ನಿನ್ನ ಎಡ ಮಗ್ಗುಲಲ್ಲೇ ಇದ್ದಾಳೆ. ದೂರುವುದಿದ್ದರೆ ಅವಳ ಮುಂದೆ ದೂರು.