ಸೆರಗಿಗೆ ಕಟ್ಟಿದ ಅಲಸಂದೆ ಬೀಜ

ಧಾರೇಶ್ವರ
9 ಫೆಬ್ರವರಿ 2025

ಪ್ರೀತಿಯ ಮಗಳು ದೀಪಿಕಾಳಿಗೆ ಆಯಿಯ ಆಶೀರ್ವಾದ.

ನಾವು ಕ್ಷೇಮ. ನೀನು, ಅಳಿಯಂದಿರು, ಅತ್ತೆಯವರು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಬೇಡ. ಫೋನು ಮಾಡಿದರೆ ಮೊದಲು ಎತ್ತುವುದು ನಿನ್ನ ಅತ್ತೆ. ಈ ಮಾತು ಅವರ ಕಿವಿಗೆ ಬೀಳುವುದು ಬೇಡವೆಂದು ಕಾಗದ.

ನಮ್ಮ ಅಲಸಂದೆ ಹೋಯಿತು ಮಗಾ. ಗದ್ದೆಯ ಮೂಲೆಯಲ್ಲಿ ನಾಲ್ಕು ಗಿಡ ಬಾಡಿದಾಗ ನೀರು ಸಾಲದೆಂದು ನಾನೇ ಕೊಡಪಾನ ಹೊತ್ತು ಹೊಯ್ದೆ. ವಾರದೊಳಗೆ ಸಾಲು ಸಾಲೇ ಹಳದಿ. ಈಗ ಪಕ್ಕದ ಮಾಬ್ಲನ ಗದ್ದೆಗೂ ದಾಟಿದೆ, ಅವನು ನಮ್ಮೊಡನೆ ಮಾತು ಬಿಟ್ಟಿದ್ದಾನೆ. ನಿನ್ನ ಅಪ್ಪ ಇನ್ನೂ ಹಸಿರಾಗಿದ್ದ ಒಂದು ಗಿಡ ಕಿತ್ತು ದಂಟು ಸೀಳಿದರು, ಒಳಗೆಲ್ಲ ಕಂದು. "ಹೊರಗೆ ಹಸ್ರು, ಒಳಗೆ ಎಂತದೂ ಇಲ್ಲ ಮಾರಾಯ್ತಿ!" ಅಂದವರು ಗರ ಬಡಿದವರ ಹಾಗೆ ಬದುವಿನ ಮೇಲೆ ಕೂತುಬಿಟ್ಟರು.

ಕುಮಟಾದಿಂದ ಕೃಷಿ ಆಫೀಸಿನ ನೇತ್ರಾ ಬಂದಿದ್ದಳು. "ಇದು ಸೊರಗು ರೋಗ. ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಇರ್ತದೆ, ಬೀಜದ ಜೊತಿಗೂ ಹೋಗ್ತದೆ. ಕಿತ್ತ ಗಿಡ ಸುಟ್ಬಿಡಿ, ಗೊಬ್ರಗುಂಡಿಗೆ ಮಾತ್ರ ಹಾಕ್ಬೇಡಿ" ಅಂದಳು. ಆಮೇಲೆ ಕೇಳಿದಳು, "ಈ ಬೀಜ ಮತ್ತೆ ಯಾರಿಗಾದ್ರೂ ಕೊಟ್ಟಿದ್ರಾ?"

ದೀಪಾವಳಿಗೆ ಬಂದ ನಿನ್ನ ಸೆರಗಿಗೆ ಅದನ್ನೇ ಕಟ್ಟಿ ಕಳಿಸಿದ್ದೆನಲ್ಲ! ತವರಿನ ಬೀಜದ ಮೊದಲ ಕೊಯ್ಲು ಅತ್ತೆಯ ಕೈಗಿಡಬೇಕೆನ್ನುವುದು ನಮ್ಮ ಪದ್ಧತಿ. ಅವರೂ ಮನಸ್ಸು ಮಾಡಿ, ಮೊದಲ ಸಲ ನಿನಗೆಂದು ಮನೆ ಹಿಂದಿನ ತುಂಡು ಗದ್ದೆ ಬಿಟ್ಟುಕೊಟ್ಟಿದ್ದಾರೆ. ಅದಕ್ಕೇನಾದರೂ ಆದರೆ? ಅವರ ನಾಲಿಗೆ ನನಗೆ ಗೊತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ ನೀನು "ಹಸ್ರಾಗೇ ಅದೆ ಆಯಿ" ಅನ್ನುತ್ತೀಯ. ಆದರೂ ಹೆದರಿಕೆ ಬಿಡುವುದಿಲ್ಲ. ಒಂದು ಗಿಡ ಕಿತ್ತು ಸೀಳಿ ನೋಡು.

ಧಾರೇಶ್ವರ ದೇವರು ನಿನ್ನನ್ನು ಕಾಯಲಿ. ನಿನ್ನ ಬದುಕು ಹಸನಾಗಲಿ.

ನಿನ್ನ ಆಯಿ,
ಪರಮೇಶ್ವರಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ನಿಮ್ಮ ಮುರ್ಡೇಶ್ವರದ ನೆರೆಮನೆಯ ನಾಗು, ದೇವಸ್ಥಾನಕ್ಕೆ ಬಂದವಳು, ಇಲ್ಲಿಗೂ ಬಂದಳು. "ದೀಪಿಕಾನ ಅಲಸಂದೆ ಎಲ್ಲ ಒಣಗಿಹೋತಲ್ಲ. 'ನಾನೇ ನೀರು ಹಾಕೂಕೆ ಮರ್ತೆ' ಅಂತ ಅತ್ತೆ ಹತ್ರ ಹೇಳಿ ಬೈಸ್ಕಂಡ್ಳು ಪಾಪ. ಕಿತ್ತದ್ದೆಲ್ಲ ಗೊಬ್ರಗುಂಡಿಗೆ ಹಾಕ್ದಳು" ಅಂದಳು.

ನನ್ನ ಹೆಸರು ಕೆಡಬಾರದೆಂದು ಬೈಸಿಕೊಂಡೆಯಾ ಮಗಾ? ಆ ಗೊಬ್ಬರ ಅವರ ಗದ್ದೆಗೆಲ್ಲ ಹೋಗುವ ಮೊದಲು ಬಾಯಿ ಬಿಡು. ಈ ಕಾಗದವನ್ನು ನಾಗುವಿನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ನೇರ ಅತ್ತೆಗೆ ಕೊಡು. ಅವರ ನಾಲಿಗೆಯ ಬಗ್ಗೆ ಬರೆದದ್ದನ್ನೂ ಓದಲಿ. ಬೀಜ ನನ್ನದು.