ಬ್ರೆಡ್ಡು ಮುಚ್ಚಿದ ಲೋಟ

ವರೋನೆಷ್,
೮ ಜೂನ್ ೧೯೮೫

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳು ಥಾವ್ ಮಾಡುವ ನಮಸ್ಕಾರಗಳು. ನಿಮ್ಮ ಎರಡು ಕಾಗದಗಳೂ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಪರೀಕ್ಷೆಯ ನೆಪ ಹೇಳಬಹುದಿತ್ತು, ಆದರೆ ನಿಜ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಎರಡೂ ಕಾಗದಗಳ ಕೊನೆಯಲ್ಲಿ ಅಮ್ಮನ ಸಾಲಿಲ್ಲ. ಗಿರಣಿಯಲ್ಲಿ ಕೈಗೆ ಪೆಟ್ಟಾಗಿದೆ, ಬರೆಯಲಾರಳು ಎಂದಿದ್ದೀರಿ. ಯಾವ ಕೈ? ಎಡಗೈಯೋ ಬಲಗೈಯೋ? ಕೈಗೆ ಪೆಟ್ಟಾದರೆ ಬಾಯಿಗೇನಾಗಿದೆ? ಅವಳು ಹೇಳಿದ್ದನ್ನು ನೀವೇ ಬರೆಯಬಹುದಿತ್ತಲ್ಲ? "ಕಾಲುಚೀಲ ಹಾಕ್ಕೋತೀಯೋ ಇಲ್ವೋ, ಬಂದ್ರೆ ಮೂಳೆ ಮುರೀತೀನಿ" ಎಂಬ ಒಂದು ಬೈಗುಳವಿಲ್ಲದೆ ನಿಮ್ಮ ಕಾಗದ ಉಪ್ಪಿಲ್ಲದ ಗಂಜಿಯಂತಿದೆ.

ಇಲ್ಲಿ ನಾನು ಕ್ಷೇಮ. ಹದಿನೆಂಟನೇ ತಾರೀಕು ಕೊನೆಯ ಪರೀಕ್ಷೆ, ರಷ್ಯನ್ನಿನಲ್ಲಿ ಬಾಯಿಪಾಠವಲ್ಲ, ಮೂವರ ಎದುರು ಕೂತು ಮಾತಾಡುವ ಪರೀಕ್ಷೆ. ಅದರಲ್ಲಿ ಫೇಲಾದರೆ ಅನುವಾದದ ತರಗತಿ ಇಲ್ಲ, ನೇರವಾಗಿ ಊರಿಗೆ, ನಾಮ್ ದಿನ್ಹ್‌ಗೆ ಗಂಟುಮೂಟೆ. ಹೋದ ವರ್ಷ ಹಾಗೆ ಇಬ್ಬರನ್ನು ಕಳಿಸಿದರು. ಅದಕ್ಕೇ ಇರಬೇಕು, ಇಲ್ಲಿ ಎಲ್ಲರೂ ನನ್ನನ್ನು ಮೊಟ್ಟೆಯ ಹಾಗೆ ನೋಡಿಕೊಳ್ಳುತ್ತಿದ್ದಾರೆ. ನಮ್ಮ ವಿಯೆಟ್ನಾಮಿ ಗುಂಪಿನ ಮುಖಂಡ ಕಿಯೆನ್ ಅಣ್ಣನಂತೂ ಒಂದು ತಿಂಗಳಿನಿಂದ ಅಡುಗೆಮನೆಯ ನನ್ನ ಸರದಿಯನ್ನೂ ತಾನೇ ಮಾಡುತ್ತಾನೆ. "ಯಾಕಣ್ಣಾ, ನನ್ನ ಸಾರು ಅಷ್ಟು ಕೆಟ್ಟದಾ?" ಎಂದರೆ ಬೇರೆ ಕಡೆ ನೋಡುತ್ತಾನೆ. ಸಾರಿನ ವಿಷಯಕ್ಕೆ ಎರಡು ವರ್ಷ ನನ್ನ ಜೀವ ಹಿಂಡಿದವನು ಈಗ ನಗುವುದೇ ಇಲ್ಲ.

ಹಾಸ್ಟೆಲ್ಲಿನ ಬಾಗಿಲು ಕಾಯುವ ಅಂತೋನಿನಾ ಸವೇಲ್ಯೆವ್ನಾ ಅವರ ಬಗ್ಗೆ ಹಿಂದೆ ಬರೆದಿದ್ದೆ. ಯಾರಿಗೆ ಫೋನು ಬರಲಿ, ತಂತಿ ಬರಲಿ, ಮೊದಲು ಅವರ ಮೇಜಿಗೇ. ಮೇಷ್ಟ್ರುಗಳು ಕಲಿಸಿದ್ದು ಪುಸ್ತಕದ ರಷ್ಯನ್, ನಾನು ಮಾತಾಡಲು ಕಲಿತದ್ದು ಅವರ ಕೋಣೆಯಲ್ಲಿ ಚಹಾ ಕುಡಿಯುತ್ತ. ಥಾವ್ ಅನ್ನಲು ನಾಲಿಗೆ ಹೊರಳದೆ ನನ್ನನ್ನು ತಾಷಾ ಮಾಡಿದವರೂ ಅವರೇ. ಪರೀಕ್ಷೆಗೆ ಹೊರಟಾಗ ಹಿರಿಯರು ಹರಸಿದರೆ ಇಲ್ಲಿ "ಹಾಳಾಗಿ ಹೋಗು" ಎಂದು ತಿರುಗಿ ಹೇಳಬೇಕಂತೆ, ಇಲ್ಲದಿದ್ದರೆ ಹರಕೆ ಫಲಿಸುವುದಿಲ್ಲವಂತೆ! ಹೋದ ಸಲ ನನ್ನ ಬಾಯಿಂದ ಬರಲೇ ಇಲ್ಲ. "ಅನ್ನೇ ಹುಡುಗಿ! ಫೇಲಾದ್ರೆ ನನ್ ಮೇಲೆ ಹಾಕ್ಬೇಡ!" ಎಂದು ಬಾಗಿಲವರೆಗೂ ಅಟ್ಟಿಸಿಕೊಂಡು ಬಂದಿದ್ದರು.

ಹೋದ ಚಳಿಗಾಲ ಅವರ ಅಣ್ಣ ತೀರಿಕೊಂಡರು. ಕೋಣೆಯ ಕಿಟಕಿಯಲ್ಲಿ ಒಂದು ಲೋಟ ವೋಡ್ಕಾ, ಅದರ ಮೇಲೆ ಕಪ್ಪು ಬ್ರೆಡ್ಡಿನ ಹೋಳು ಮುಚ್ಚಿಟ್ಟಿದ್ದರು. ಒಣಗಿ ಹೋಗಿದೆಯಲ್ಲ ಎಂದು ಹಕ್ಕಿಗೆ ಹಾಕಲು ತೆಗೆದೆ, ಕೈ ಮೇಲೆ ಫಟ್ ಅಂತ ಏಟು ಬಿತ್ತು. "ಅದು ಸತ್ತೋರದು ಕಣೇ! ನಲವತ್ ದಿನ ಆತ್ಮ ಮನೇಲೇ ಓಡಾಡ್ಕೊಂಡಿರತ್ತೆ. ಹಸಿದು ಹೋಗ್ಬೇಕಾ?" ನಮ್ಮ ಮನೆಯಲ್ಲಿ ಅಜ್ಜಿಯ ಪಟದ ಮುಂದೆ ಅನ್ನ ಇಡುವುದಿಲ್ಲವೇ, ಹಾಗೇ ಎಂದುಕೊಂಡು ಹೋಳನ್ನು ಮತ್ತೆ ಲೋಟದ ಮೇಲಿಟ್ಟೆ.

ಮೇ ತಿಂಗಳ ಮೊದಲ ವಾರ ನೋಡಿದರೆ ಕಿಟಕಿಯಲ್ಲಿ ಮತ್ತೆ ಲೋಟ, ಮತ್ತೆ ಬ್ರೆಡ್ಡು.

"ಈಗ ಯಾರು, ಅಂತೋನಿನಾ ಅತ್ತೆ?"

"ದೂರದೋರು."

"ಗಂಡಸಾ, ಹೆಂಗಸಾ?"

"ಹೆಂಗಸು. ಚಹಾ ಆರ್ತಾ ಇದೆ, ಕುಡಿ."

ಬಗ್ಗಿ ನೋಡಿದೆ, ವೋಡ್ಕಾದ ವಾಸನೆಯಿಲ್ಲ. "ನೀರು," ಎಂದರು ಅವರು, "ಅವಳು ಕುಡೀತಿರ್ಲಿಲ್ವಂತೆ." ದೂರದ ಬಳಗದವಳಾದರೆ ಕುಡಿಯುತ್ತಿದ್ದಳೋ ಇಲ್ಲವೋ ಗೊತ್ತಿರಬೇಡವೇ? ಯಾರೋ ಹೇಳಿದ್ದನ್ನು ಕೇಳಿದವರ ಹಾಗೆ ಯಾಕೆ ಹೇಳಿದರು ಎಂದು ನನಗೆ ಅಂದೇ ಒಂಥರಾ ಆಯಿತು, ಅಪ್ಪ.

ಆಮೇಲೆ ವಾರ್ಡನ್ ಬಂದ. ಹೆಂಡದ ಮೇಲೆ ಹೊಸ ಕಟ್ಟುನಿಟ್ಟು ಬಂದಿದೆ, ಅವನಿಗೆ ಎಲ್ಲ ಲೋಟದ ಮೇಲೂ ಅನುಮಾನ. ಮೂಗು ಹತ್ತಿರ ಒಯ್ದವನನ್ನು ಅಂತೋನಿನಾ ತಳ್ಳಿಬಿಟ್ಟರು. "ನೀರದು! ಒಂದ್ ಮಗೂಗೆ ಅಮ್ಮ..." ಎಂದವರು ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಗಪ್ಪನೆ ಬಾಯಿ ಮುಚ್ಚಿದರು. ವಾರ್ಡನ್ ಟೋಪಿ ತೆಗೆದ. ನಮ್ಮ ವಾರ್ಡನ್ ಯಾರ ಮುಂದೆಯೂ ಟೋಪಿ ತೆಗೆಯುವವನಲ್ಲ.

ಅಂದಿನಿಂದ ನನಗೆ ಓದು ಹತ್ತುತ್ತಿಲ್ಲ. ನಿಮ್ಮ ಕಾಗದಗಳನ್ನು ಮತ್ತೆ ಮತ್ತೆ ಬಿಚ್ಚಿದೆ. "ಅಮ್ಮ ಚೆನ್ನಾಗಿದ್ದಾಳೆ, ಅಮ್ಮ ಚೆನ್ನಾಗಿದ್ದಾಳೆ." ಒಂದು ಸಲ ಬರೆದರೆ ಸಾಲದಿತ್ತೇ?

ಇವತ್ತು ಗ್ರಂಥಾಲಯದಿಂದ ಬೇಗ ಬಂದೆ. ಅಂತೋನಿನಾ ಅವರ ಕೋಣೆಯಲ್ಲಿ ತುಪ್ಪದಲ್ಲಿ ಕಾಯಿಸಿದ ತೆಳು ದೋಸೆಗಳ ವಾಸನೆ. ಕಿಟಕಿಯಲ್ಲಿ ಲೋಟದ ಪಕ್ಕ ಒಂದು ಬಟ್ಟಲು ಬಿಳಿ ಅನ್ನ, ಅನ್ನದಲ್ಲಿ ನೆಟ್ಟಗೆ ಚುಚ್ಚಿದ ಎರಡು ಊಟದ ಕಡ್ಡಿಗಳು. ಚಿಕ್ಕವಳಿದ್ದಾಗ ನಾನು ಹಾಗೆ ಚುಚ್ಚಿದ್ದಕ್ಕೆ ಅಮ್ಮ ಹೊಡೆದದ್ದು ನಿಮಗೆ ನೆನಪಿದೆಯೇ? "ಸತ್ತೋರಿಗಿಡೋ ಹಾಗೆ ಚುಚ್ತೀಯಲ್ಲೇ, ಮನೆ ಹಾಳಿ!" ಎಂದಿದ್ದಳು. ಇಡೀ ವರೋನೆಷ್‌ನಲ್ಲಿ ಯಾವ ರಷ್ಯನ್ ಹೆಂಗಸಿಗೆ ಹಾಗೆ ಅನ್ನ ಇಟ್ಟಾರು?

ಪಕ್ಕದಲ್ಲಿ ಕಿಯೆನ್ ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಅಂತೋನಿನಾ ಗಾಬರಿಯಾಗಿ ತಮ್ಮ ದೊಡ್ಡ ಬೆನ್ನನ್ನು ಕಿಟಕಿಗೆ ಅಡ್ಡ ಇಟ್ಟರು. "ಇಷ್ಟ್ ಬೇಗ ಬಂದ್ಯಾ? ನಲವತ್ತು ಮುಗೀತು ಕಣೇ, ಆ ದೂರದೋಳದು. ಬಾ, ತಿನ್ನು. ತಿನ್ಲೇಬೇಕು." ತಟ್ಟೆಯನ್ನು ನನ್ನ ಕೈಗೆ ತುರುಕಿದರು. ಕೂತು ತಿಂದೆ. ಚೆನ್ನಾಗಿದೆ ಎಂದೆ, ಇನ್ನೊಂದು ಕೊಡಿ ಎಂದೂ ಕೇಳಿದೆ. ಅವರು ಒಲೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಇಷ್ಟೇ ವಿಶೇಷ. ನೀವು ಹೊತ್ತು ಹೊತ್ತಿಗೆ ಊಟ ಮಾಡಿ. ತಮ್ಮನಿಗೆ ನನ್ನ ಪ್ರೀತಿ, ಸೈಕಲ್ಲಿನಲ್ಲಿ ಕೈ ಬಿಟ್ಟು ಹಾರಾಡಬೇಡ ಎಂದು ಹೇಳಿ. ಪರೀಕ್ಷೆಗೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಮಗಳು,
ಥಾವ್

ಮತ್ತೊಂದು ಮಾತು: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಅಪ್ಪ, ಅಮ್ಮ ಇಲ್ಲ ಎಂದು ನನಗೆ ಗೊತ್ತಾಗಿದೆ. ಯಾರೂ ಬಾಯಿಬಿಡಲಿಲ್ಲ, ಕಿಯೆನ್ ಅಣ್ಣನನ್ನು ಬೈಯಬೇಡಿ. ಇವತ್ತಿನಿಂದ ನಲವತ್ತು ದಿನ ಹಿಂದಕ್ಕೆ ಎಣಿಸಿದೆ. ಆ ದಿನ ನಾನು ಮೇ ದಿನದ ಮೆರವಣಿಗೆಗೆ ಕಾಗದದ ಹೂ ಕತ್ತರಿಸುತ್ತ ನಗುತ್ತಿದ್ದೆ, ಅಪ್ಪ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ. ಪಾಸಾಗುತ್ತೇನೆ. ಅಂತೋನಿನಾ ಹರಸಿದಾಗ "ಹಾಳಾಗಿ ಹೋಗಿ" ಎಂದು ಜೋರಾಗಿ ಕೂಗುತ್ತೇನೆ, ನನಗೆ ಗೊತ್ತೆಂದು ಅವರಿಗೆ ತಿಳಿಯಬಾರದು. ಆಮೇಲಾದರೂ ನೀವು ನಿಜ ಬರೆಯಿರಿ. ಹೋಗುವಾಗ ಅಮ್ಮ ನನ್ನನ್ನು ಕೇಳಿದಳೇ? ಮನೆಯಲ್ಲಿಲ್ಲದ ಮಕ್ಕಳ ಪಾಲಿನ ಸೂತಕದ ಬಿಳಿ ತಲೆಪಟ್ಟಿಯನ್ನು ಪಟದ ಮುಂದೆ ಮಡಿಸಿ ಇಡುತ್ತಾರಲ್ಲ, ನನ್ನದನ್ನು ಇಟ್ಟಿದ್ದೀರಿ ತಾನೇ? ನನಗೆ ಮುಚ್ಚಿಡುವ ಗಡಿಬಿಡಿಯಲ್ಲಿ ಮರೆತಿದ್ದರೆ ಇವತ್ತೇ ಇಡಿ. ಅಮ್ಮ ಎಣಿಸಿ ನೋಡಿದಾಗ ನಾನೊಬ್ಬಳು ಕಡಿಮೆಯಾಗಬಾರದು.