ಹನ್ನೊಂದು ಕೆಂಪು ದಾರ

೬ ಆಗಸ್ಟ್ ೧೯೭೮, ಭಾನುವಾರ

ಬಳ್ಳಾರಿಯಿಂದ ಏಳರ ಬಸ್ಸು. ಮತ್ತೆ ಕುರುಗೋಡು ಗುಡ್ಡ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಗು — ಬಾಟನಿ ಮೇಡಂಗೆ ಕಳ್ಳಿ ಹುಚ್ಚು! ನಗಲಿ.

ಎರಡು ಕಳ್ಳಿ, ಅಕ್ಕತಂಗಿಯರ ಹಾಗೆ. ಎರಡಕ್ಕೂ ಎಲೆಯಿಲ್ಲ, ಚೌಕ ಕಾಂಡ. ಒಂದಕ್ಕೆ ಕಾಂಡದುದ್ದಕ್ಕೂ ಬಿಡಿ ಹೂ. ಜನ ಚಟ್ನಿ ಅರೆದು ತಿಂದರೂ ಮುಗಿಯದಷ್ಟಿದೆ. ಇನ್ನೊಂದಕ್ಕೆ ತುದಿಯಲ್ಲಿ ಕಡುಗೆಂಪು ಗೊಂಚಲು, ನೊಣ ಮುತ್ತುವ ವಾಸನೆ. ಇಡೀ ಗುಡ್ಡ ಹುಡುಕಿದೆ. ಈ ಗೊಂಚಲಿನವು ಹನ್ನೊಂದೇ. ಬೀಜ ಕಟ್ಟುವ ತನಕ ಇವು ಉಳಿಯಲೇಬೇಕು.

೧೩ ಆಗಸ್ಟ್

ಗುರುತಿಗೆ ಹನ್ನೊಂದಕ್ಕೂ ಕೆಂಪು ದಾರ ಕಟ್ಟಿದೆ. ಆಡು ಮೇಯಿಸುವ ಹೊನ್ನೂರಮ್ಮನಿಗೆ ತೋರಿಸಿದೆ.

"ಇವನ್ನ ಕೀಳಬ್ಯಾಡವ್ವ. ಆಡು ಬಿಡಬ್ಯಾಡ."

"ದಾರ ಕಟ್ಟಿದ ಮ್ಯಾಲ ಯಾರು ಮುಟ್ತಾರ್ರಿ? ನಾ ಅದೀನಲ್ಲ, ನೋಡ್ಕೊಂತೀನಿ."

ನಿರಾಳವಾಯಿತು.

೮ ಅಕ್ಟೋಬರ್

ಏಳು ವಾರ ಕಾಮಾಲೆ. ಗಂಜಿ, ಹಾಸಿಗೆ. ಇವತ್ತು ಹೋದೆ.

ಒಂಬತ್ತು ಸತ್ತಿವೆ. ಬುಡ ಕೊಳೆತು ಲೋಳೆ. ಸುತ್ತ ಅರಿಶಿನ, ಕುಂಕುಮ, ಹಸಿ ಮಣ್ಣು. ಹದಿನೈದು ದಿನದಿಂದ ಮಳೆಯಿಲ್ಲ — ಹಸಿ ಎಲ್ಲಿಂದ? ದಾರ ಕಟ್ಟಿದವಕ್ಕೆ ಮಾತ್ರ ಹೀಗೆ. ಪಕ್ಕದ ಚಟ್ನಿ ಕಳ್ಳಿ ಕಲ್ಲಿನಂತೆ ಗಟ್ಟಿಯಾಗಿದೆ. ಸಿಟ್ಟು ನೆತ್ತಿಗೇರಿತು. ಕೂಗಿದೆ.

ಹೊನ್ನೂರಮ್ಮ ಕೊಡ ಹೊತ್ತು ಏರಿ ಬಂದಳು.

"ಬಂದ್ರ್ಯಾ ಅವ್ವಾ! ನಿಮಗ ಕಾಮಣಿ ಅಂತ ಕಂಡಕ್ಟರ್ ಮಾಬುಸಾಬ್ ಹೇಳಿದ್ನ್ರಿ. ನಿಮ್ಮ ಹರಕಿ ಗಿಡ ಅಂತ ದಿನಾ ನೀರು ಎರದೆ. ಅವು ಹಳದಿ ಆದಂಗೆಲ್ಲ ಇನ್ನೊಂದು ತಂಬಿಗಿ ಹೆಚ್ಚಿಗಿ ಎರದೆ. ನೋಡ್ರಿ, ನಿಮ್ಮ ಹಳದಿ ಎಲ್ಲಾ ಅವು ತಗೊಂಡ್ವು. ಆರಾಮಾತಲ್ಲ!"

ಕೆಳಗಿನ ಬಾವಿಯಿಂದ ಗುಡ್ಡದ ಮೇಲಕ್ಕೆ. ದಿನಾ. ನನಗಾಗಿ ಇಷ್ಟು ಯಾರೂ ಮಾಡಿರಲಿಲ್ಲ. ಅತ್ತುಬಿಟ್ಟೆ. ಗಿಡಕ್ಕೋ, ಅವಳಿಗೋ... ತಿಳಿಯಲಿಲ್ಲ.

"ಹರಕಿ ಮುಟ್ಟಿತವ್ವ. ಇನ್ನ ನೀರು ಬ್ಯಾಡ" ಅಂದೆ. ಉಳಿದೆರಡರ ದಾರ ಬಿಚ್ಚಿದೆ. ಒಂದನ್ನು ಅವಳು ಕೇಳಿ ಕೈಗೆ ಕಟ್ಟಿಸಿಕೊಂಡಳು.

೧೫ ಅಕ್ಟೋಬರ್

ಎರಡೂ ಬದುಕಿವೆ. ಒಂದರಲ್ಲಿ ಎಳೇ ಕಾಯಿ! ಹೊನ್ನೂರಮ್ಮ ದೂರದಿಂದಲೇ ಕೈ ಮುಗಿಯುತ್ತಾಳೆ, ನೀರು ತರುವುದಿಲ್ಲ.

೧೬ ಅಕ್ಟೋಬರ್, ಬೆಳಗ್ಗೆ ೬

ಎರಡು ಕಳ್ಳಿಗಳ ವರದಿ ಬರೆಯುತ್ತಿದ್ದೇನೆ. ಮೊದಲನೆಯದು, ಚಟ್ನಿ ಕಳ್ಳಿ: ಹೇರಳ. ಎರಡನೆಯದು: ಅಳಿವಿನ ಅಂಚು, ಎರಡು ಗಿಡ. ಮುಂದೆ ‘ನಾಶಕ್ಕೆ ಕಾರಣ’ ಎಂಬ ಕಾಲಂ. ‘ಆಡು’ ಎಂದು ಬರೆದು ಹೊಡೆದುಹಾಕಿದೆ. ‘ಅತಿ ನೀರು’ ಎಂದು ಬರೆದೆ. ಎರೆದವಳ ಹೆಸರು ಬರೆಯಲಾರೆ. ದಾರ ಕಟ್ಟಿದವಳು — ನಾನೇ.